ಡಾಲ್ಫಿನ್ ಕಾಣದಿದ್ದರೆ ದುಡ್ಡು ವಾಪಸ್ಸಂತೆ!

ಗೋವಾದಿಂದ ವಾಪಸ್ ಬಂದ ಮರುದಿನ ಆಫೀಸಿನಲ್ಲಿ ಎದುರಾದ ಮೊದಲ ಪ್ರಶ್ನೆ - "ಡಾಲ್ಫಿನ್ ನೋಡಿದ್ಯಾ?"

"ನೋಡ್ದೆ. ಎಲ್ಲ ಸೇರಿ ಒಂದು ನಾಲ್ಕು ನಿಮಿಷ."

"ಎಷ್ಟು ಕೊಟ್ಟೆ?"

ಹೇಳಿದೆ. ಹಾಯಿದೋಣಿ, ಆರೇ ಜನ, ಮೂರು ಗಂಟೆ, ತಲೆಗೆ ಎರಡೂವರೆ ಸಾವಿರ. ಗೆಳೆಯ ಕಾಫಿ ಕಪ್ಪು ಕೆಳಗಿಟ್ಟು ನಕ್ಕ. "ನಮ್ಗೆ ನಾನ್ನೂರು ರೂಪಾಯಿಗೆ ಒಂದು ಗಂಟೆ ಸುತ್ತಿಸಿ ಹತ್ತಿಪ್ಪತ್ತು ಡಾಲ್ಫಿನ್ ತೋರಿಸಿದ್ರು. ಕಾಣದಿದ್ರೆ ದುಡ್ಡು ವಾಪಸ್ ಅಂತ ಬೋರ್ಡ್ ಬೇರೆ ಹಾಕಿದ್ರು. ನಿಂಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಬಿಡು."

ಅವನಿಗೆ ಅಲ್ಲೇ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಕೆಲವರಿಗೆ ಸಿಟ್ಟು ಬಂದಾಗ ಮಾತು ಬರುತ್ತದೆ, ನನಗೆ ಎರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ಈ ಪೋಸ್ಟು. ಅವನಿಗೊಬ್ಬನಿಗೇ ಅಲ್ಲ, ರಜೆ ಮುಗಿಸಿ ಬಂದು ಪ್ರವಾಸಕಥನ ಬರೆಯುವ ನಮ್ಮೆಲ್ಲರಿಗೂ. ಗೋಕರ್ಣ, ಕಾರವಾರ, ಗೋವಾ ಅಂತ ಯಾರು ಬರೆದರೂ ನಮ್ಮ ಬರಹಗಳಲ್ಲಿ ಒಂದು ಸಾಲು ಖಾಯಂ ಆಗಿಬಿಟ್ಟಿದೆ. ಒಂದೋ "ಡಾಲ್ಫಿನ್ ಕಂಡು ಪುಳಕಗೊಂಡೆವು", ಇಲ್ಲವೇ "ಒಂದೂ ಕಾಣಲಿಲ್ಲ, ದುಡ್ಡು ದಂಡ". ನನ್ನ ತಕರಾರು ಇರುವುದು ಈ ಎರಡನೇ ಸಾಲಿನ ಮೇಲೆ.

ಮೊದಲು ನನ್ನದೇ ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ನಾನೂ ನಾನ್ನೂರು ರೂಪಾಯಿಯ ದೋಣಿ ಹತ್ತಿದವನೇ. ಉತ್ತರ ಗೋವಾದ ಒಂದು ಬೀಚು. ಹದಿನೈದು ಇಪ್ಪತ್ತು ಜನರನ್ನು ತುಂಬಿಕೊಂಡ ದೋಣಿ, ಹಿಂದೆ ಔಟ್‌ಬೋರ್ಡ್ ಮೋಟಾರು, ಎಲ್ಲರ ಕೊರಳಿಗೂ ಬಣ್ಣ ಮಾಸಿದ ಕಿತ್ತಳೆ ಜಾಕೆಟ್ಟು. ಹತ್ತು ನಿಮಿಷ ಹೋಗಿರಬಹುದು, ದೋಣಿಯವನ ಮೊಬೈಲು ಬಡಿದುಕೊಂಡಿತು. ಏನೋ ಕೊಂಕಣಿಯಲ್ಲಿ ಮಾತಾಡಿದ, ದೋಣಿಯನ್ನು ಗರ್ರನೆ ತಿರುಗಿಸಿದ. ಅಲ್ಲಿ ಹೋಗಿ ನೋಡಿದರೆ ನಮಗಿಂತ ಮುಂಚೆ ಐದು ದೋಣಿ ಹಾಜರ್. ನಮ್ಮ ಹಿಂದೆ ಇನ್ನೂ ಮೂರು ಬಂದವು. ಒಟ್ಟು ಒಂಬತ್ತು. ನಡುವೆ ಎಲ್ಲೋ ನೀರಿನಡಿ ನಾಲ್ಕೈದು ಪ್ರಾಣಿಗಳು.

ಎಡಕ್ಕೆ ಬೆನ್ನು ಕಂಡರೆ ಒಂಬತ್ತೂ ದೋಣಿ ಎಡಕ್ಕೆ. ಬಲಕ್ಕೆ ಕಂಡರೆ ಒಂಬತ್ತೂ ಬಲಕ್ಕೆ. ಜನ ಸಿಳ್ಳೆ ಹೊಡೆಯುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಒಮ್ಮೆ ತಾಯಿಯ ಮಗ್ಗುಲಿಗೇ ಅಂಟಿಕೊಂಡು ಒಂದು ಸಣ್ಣ ಬೆನ್ನು ಎದ್ದಿತು, ಮರಿ. "ಬೇಬಿ! ಬೇಬಿ!" ಅಂತ ಯಾರೋ ಕೂಗಿದರು. ದೋಣಿಯವನು ಇನ್ನಷ್ಟು ಗ್ಯಾಸ್ ಕೊಟ್ಟ. ಆಮೇಲೆ ಅವು ಎದ್ದದ್ದು ತುಂಬಾ ದೂರದಲ್ಲಿ, ಅಷ್ಟರಲ್ಲಿ ನಮ್ಮ ಟೈಮೂ ಮುಗಿದಿತ್ತು. ನನ್ನ ಹತ್ತಿರ ಹನ್ನೊಂದು ಫೋಟೋ ಇದ್ದವು. ಹತ್ತರಲ್ಲಿ ಬರೀ ನೀರು, ಒಂದರಲ್ಲಿ ಪಕ್ಕದ ದೋಣಿಯವನ ಮೊಣಕೈ :-)

ಅವತ್ತು ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಈ ಸಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಬೋರ್ಡಿನ ವಿಷಯ. "ಡಾಲ್ಫಿನ್ ಇಲ್ಲದಿದ್ದರೆ ದುಡ್ಡಿಲ್ಲ." ಕೇಳಲಿಕ್ಕೆ ಎಷ್ಟು ಪ್ರಾಮಾಣಿಕವಾಗಿದೆ ನೋಡಿ! ಗ್ರಾಹಕನೇ ದೇವರು ಅನ್ನುವ ಹಾಗೆ. ಆದರೆ ಸ್ವಲ್ಪ ಲೆಕ್ಕ ಹಾಕಿ. ಕಡಲಲ್ಲಿ ಒಂದು ಕಾಡುಪ್ರಾಣಿ ಇವತ್ತು ಬೆಳಿಗ್ಗೆ ಒಂಬತ್ತೂವರೆಗೆ ಇದೇ ಜಾಗದಲ್ಲಿ ತಲೆ ಎತ್ತುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದು ಆ ವ್ಯವಹಾರದ ಮೂಲದಲ್ಲೇ ಇರುವ ಅನಿಶ್ಚಯ. ಈ ಅನಿಶ್ಚಯವನ್ನು ಯಾರಾದರೂ ಹೊರಲೇಬೇಕು. ಪ್ರವಾಸಿ ಹೊರುವುದಿಲ್ಲ, ಅವನಿಗೆ ಗ್ಯಾರಂಟಿ ಇದೆ. ದೋಣಿಯವನು ಹೊರಬೇಕು. ಅವನಿಗೆ ಡೀಸೆಲ್ಲೋ ಪೆಟ್ರೋಲೋ ಸುಟ್ಟಾಗಿದೆ, ಹುಡುಗರಿಗೆ ಸಂಬಳ ಕೊಡಬೇಕು, ಬರಿಗೈಲಿ ದಡಕ್ಕೆ ಹೋದರೆ ಇಪ್ಪತ್ತು ಜನ ಕೈ ಚಾಚಿ ನಿಲ್ಲುತ್ತಾರೆ. ಹಾಗಾಗಿ ಅವನೂ ಹೊರುವುದಿಲ್ಲ, ಮುಂದಕ್ಕೆ ದಾಟಿಸುತ್ತಾನೆ. ಯಾರಿಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ಹೊರುವುದು ಆ ಡಾಲ್ಫಿನ್ನು.

ಗ್ಯಾರಂಟಿ ಇದ್ದ ಕಡೆ ದೋಣಿ ಕಾಯುವ ಹಾಗಿಲ್ಲ, ಹುಡುಕಲೇಬೇಕು. ಕಂಡರೆ ಬಿಡುವ ಹಾಗಿಲ್ಲ, ಹಿಂದೆ ಕೂತವರಿಗೂ ಕಾಣಿಸಬೇಕು. ದೂರ ನಿಲ್ಲುವ ಹಾಗಿಲ್ಲ, "ಕಾಣ್ಲೇ ಇಲ್ಲ" ಅಂತ ಒಬ್ಬ ಜಗಳ ತೆಗೆದರೂ ಲುಕ್ಸಾನು. ಪಕ್ಕದವನು ಇರುವಾಗ ತಾನು ಹೋಗದೆ ಇರುವ ಹಾಗೂ ಇಲ್ಲ. ಅಂದರೆ ನಾನು ನೋಡಿದ ಆ ಒಂಬತ್ತು ದೋಣಿಗಳ ಬೇಟೆಗೆ ದೋಣಿಯವರ ಕೆಟ್ಟತನ ಕಾರಣ ಅಲ್ಲ. ನಾವು ದುಡ್ಡು ಕೊಡುವ ಷರತ್ತೇ ಕಾರಣ.

ಈಗ ಆ ಪ್ರಾಣಿ ಯಾವುದು ಅಂತ ನೋಡೋಣ. ಟಿವಿಯಲ್ಲಿ ಚೆಂಡಾಡುವ, ರಿಂಗಿನೊಳಗೆ ಹಾರುವ ಡಾಲ್ಫಿನ್ ಬೇರೆ. ಗೋವಾ, ಕಾರವಾರ, ಗೋಕರ್ಣಗಳಲ್ಲಿ ದಡದ ಹತ್ತಿರ ಕಾಣುವುದು ಬಹುಪಾಲು ಹಿಂದೂ ಮಹಾಸಾಗರದ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನ ಮೇಲೆ ಗೂನಿನ ಹಾಗೆ ಒಂದು ದಿಣ್ಣೆ, ಅದರ ಮೇಲೆ ಸಣ್ಣ ರೆಕ್ಕೆ. ಮೇಲೆ ಬರುವಾಗ ಮೊದಲು ಉದ್ದ ಮೂತಿ ಕಾಣುತ್ತದೆ, ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗಿ ಒಳಗಿಳಿಯುತ್ತದೆ. ದಕ್ಷಿಣ ಆಫ್ರಿಕಾದಿಂದ ನಮ್ಮ ಭಾರತದ ದಕ್ಷಿಣ ತುದಿಯವರೆಗೆ ಕರಾವಳಿಗೆ ಅಂಟಿಕೊಂಡೇ ಇದರ ಬದುಕು. ಆಳ ಕಡಲು ಇದರದ್ದಲ್ಲ. ಕಾಳಿ, ಮಾಂಡವಿ, ಜುವಾರಿಯಂಥ ನದಿ ಕಡಲಿಗೆ ಸೇರುವ ಅಳಿವೆ, ಕೊಲ್ಲಿ, ಮರಳುದಿಬ್ಬದ ಆಸುಪಾಸು - ಇಷ್ಟೇ ಅದರ ಊರು. ನಾವು ಬಂದರು ಕಟ್ಟುವುದು, ಬಲೆ ಬಿಡುವುದು, ಚರಂಡಿ ಬಿಡುವುದು, ರೆಸಾರ್ಟು ಕಟ್ಟುವುದು ಎಲ್ಲ ಇದೇ ಪಟ್ಟಿಯಲ್ಲಿ. 2017ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದನ್ನು 'ಅಳಿವಿನಂಚಿನಲ್ಲಿದೆ' ಅಂತ ಸೇರಿಸಿದರು. ಒಂದು ತಾಯಿಗೆ ಹೆಚ್ಚುಕಡಿಮೆ ಮೂರು ವರ್ಷಕ್ಕೊಂದು ಮರಿ. ನಾವು "ಬೇಬಿ ಬೇಬಿ" ಅಂತ ಅಟ್ಟಿಸಿಕೊಂಡು ಹೋದದ್ದು ಅಂಥ ಒಂದನ್ನು.

ಇನ್ನು ಶಬ್ದ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1500 ಮೀಟರ್. ಹೋಗುವುದೂ ಹೆಚ್ಚು ದೂರ. ಅಳಿವೆಯ ಕದಡಿದ ನೀರಲ್ಲಿ ಕಣ್ಣು ಕೆಲಸಕ್ಕೆ ಬರುವುದು ಅಷ್ಟಕ್ಕಷ್ಟೇ, ಡಾಲ್ಫಿನ್ನಿಗೆ ಕಿವಿಯೇ ಕಣ್ಣು. ತಾನೇ ಟಿಕ್ ಟಿಕ್ ಸದ್ದು ಮಾಡಿ, ಅದು ಬಡಿದು ಬರುವ ಪ್ರತಿಧ್ವನಿಯಿಂದ ಮೀನು ಎಲ್ಲಿದೆ ಅಂತ ತಿಳಿಯುತ್ತದೆ. ಮರಿ ಎಲ್ಲಿದೆ, ಗುಂಪು ಎಲ್ಲಿದೆ ಅನ್ನುವುದೂ ಸದ್ದಿನಿಂದಲೇ. ಅಲ್ಲಿಗೆ ಒಂಬತ್ತು ಮೋಟಾರು ತಂದು ನಿಲ್ಲಿಸಿದರೆ ಏನಾಗುತ್ತದೆ? ನಿಮ್ಮ ಅಡುಗೆಮನೆಗೆ ಒಂಬತ್ತು ಜನರೇಟರ್ ತಂದಿಟ್ಟು, ದೀಪ ಆರಿಸಿ, "ಊಟ ಮಾಡಿ, ನಾವು ಸುಮ್ಮನೆ ನೋಡ್ತೇವೆ" ಅಂದ ಹಾಗೆ.

"ಅವಕ್ಕೆ ಅಭ್ಯಾಸ ಆಗಿರುತ್ತೆ ಮಾರಾಯಾ, ಇಲ್ಲಾಂದ್ರೆ ಜಾಗ ಬಿಟ್ಟು ಹೋಗ್ತಿರಲಿಲ್ವಾ?" ಅನ್ನುವವರಿದ್ದಾರೆ. ಹೋಗುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಅನ್ನುವಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳನ್ನು ವರ್ಷಗಟ್ಟಲೆ, ಒಂದೊಂದನ್ನೂ ಗುರುತಿಟ್ಟು ಗಮನಿಸಿದವರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಪ್ರವಾಸಿಗರನ್ನು ಕರೆದೊಯ್ಯುವವರು ಒಬ್ಬರಿಂದ ಇಬ್ಬರಾದ ಅವಧಿಯಲ್ಲಿ ಆ ಜಾಗದ ಡಾಲ್ಫಿನ್‌ಗಳು ಸರಾಸರಿ ಶೇಕಡಾ 14.9ರಷ್ಟು ಕಡಿಮೆಯಾದವು. ಏಳರಲ್ಲಿ ಒಂದು ಅಂತಿಟ್ಟುಕೊಳ್ಳಿ. ಒಂಬತ್ತು ದೋಣಿಯಲ್ಲ ಸ್ವಾಮಿ, ಒಂದಿದ್ದದ್ದು ಎರಡಾಗಿದ್ದಕ್ಕೆ! ಅದೂ ಕಟ್ಟುನಿಟ್ಟಿನ ಪರವಾನಗಿ ಇರುವ ಜಾಗ. ಉಳಿದವು ಆರಾಮಾಗಿದ್ದಂತೆಯೇ ಕಾಣುತ್ತಿದ್ದವು, ಯಾಕೆಂದರೆ ತಡೆದುಕೊಳ್ಳಲಾಗದವು ಆಗಲೇ ಜಾಗ ಬಿಟ್ಟಿದ್ದವು. ಅಭ್ಯಾಸವಾಗಿದೆ ಅಂತ ನಾವು ಅಂದುಕೊಳ್ಳುವುದು ಉಳಿದವನ್ನು ಮಾತ್ರ ನೋಡಿ. ಅಲ್ಲಿಯ ಸರ್ಕಾರ ಆಮೇಲೆ ಪರವಾನಗಿಯನ್ನು ಎರಡರಿಂದ ಒಂದಕ್ಕೆ ಇಳಿಸಿತು.

ಇನ್ನೂ ಬೇಕಿದ್ದರೆ ನ್ಯೂಜಿಲೆಂಡಿನ ಬೇ ಆಫ್ ಐಲೆಂಡ್ಸ್ ನೋಡಿ. 1999ರ ನಂತರ ಅಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ಸಂಖ್ಯೆ ಸುಮಾರು ಮೂರನೇ ಎರಡರಷ್ಟು ಕುಸಿಯಿತು. 2019ರಲ್ಲಿ ಪ್ರವಾಸಿಗರು ಅವುಗಳ ಜೊತೆ ಈಜುವುದನ್ನು ನಿಲ್ಲಿಸಿದರು, 2021ರಲ್ಲಿ ದೋಣಿಗಳು 300 ಮೀಟರ್ ದೂರ ಇರಬೇಕೆಂದು ಕಾನೂನು ಮಾಡಿದರು. ಹವಾಯಿಯಲ್ಲೂ 2021ರಿಂದ ಸ್ಪಿನ್ನರ್ ಡಾಲ್ಫಿನ್‌ಗಳ 50 ಗಜದೊಳಗೆ ಹೋಗುವ ಹಾಗಿಲ್ಲ. ಅವು ರಾತ್ರಿಯೆಲ್ಲ ಬೇಟೆಯಾಡಿ ಹಗಲು ಕೊಲ್ಲಿಗಳಿಗೆ ಬಂದು ನಿದ್ದೆ ಮಾಡುತ್ತವೆ, ಜನ ಹೋಗಿ ಎಬ್ಬಿಸುತ್ತಿದ್ದರು. ಅಲ್ಲಿ ಯಾರೂ ಡಾಲ್ಫಿನ್ ಮೇಲೆ ದ್ವೇಷ ಇಟ್ಟುಕೊಂಡು ಹೋದವರಲ್ಲ. ಎಲ್ಲ ಪ್ರೀತಿಯಿಂದಲೇ ಹೋದದ್ದು.

ಈಗ ಈ ಸಲದ ಪ್ರಯಾಣ. ಹಾಯಿದೋಣಿ ಅಂದರೆ ಸಿನಿಮಾದ ಬಿಳಿ ವಿಹಾರನೌಕೆ ಕಲ್ಪಿಸಿಕೊಳ್ಳಬೇಡಿ. ಹಳೆಯದು, ಸಣ್ಣದು, ಕೂರುವ ಜಾಗದಲ್ಲಿ ಬಣ್ಣ ಎದ್ದಿತ್ತು. ನಡೆಸುವವರು ಒಬ್ಬ ವಯಸ್ಸಾದ ಗೋವಾದವರು, ಜೊತೆಗೊಬ್ಬ ಹುಡುಗ. ಹತ್ತುವ ಮೊದಲೇ ಹೇಳಿದರು, "ಡಾಲ್ಫಿನ್ ಕಂಡರೂ ಇದೇ ದುಡ್ಡು, ಕಾಣದಿದ್ದರೂ ಇದೇ ದುಡ್ಡು. ಬೇಡ ಅನ್ನಿಸಿದರೆ ಈಗಲೇ ಹೇಳಿ." ನಮ್ಮಲ್ಲಿ ಒಬ್ಬರು ಮುಖ ಮುಖ ನೋಡಿದರು. ಹತ್ತಿದರು.

ಬೆಳಿಗ್ಗೆ ಆರೂವರೆಗೆ ಮಾಂಡವಿ ನದಿಯಿಂದ ಹೊರಟೆವು. ನದಿಯೊಳಗೆ ಪುಟ್ಟ ಎಂಜಿನ್ ಹಾಕಿಕೊಂಡೇ ಹೋದದ್ದು, ಸುಳ್ಳು ಹೇಳುವುದಿಲ್ಲ. ಕ್ಯಾಸಿನೋ ಹಡಗುಗಳ ಸಾಲು ದಾಟಿ ಅಳಿವೆ ಬಾಯಿಗೆ ಬಂದಮೇಲೆ ಹಾಯಿ ಏರಿಸಿ ಎಂಜಿನ್ ಆರಿಸಿದರು. ಚಳಿಗಾಲದ ಬೆಳಗಿನಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಮಧ್ಯಾಹ್ನ ಆದಮೇಲೆ ಕಡಲಿಂದ ನೆಲಕ್ಕೆ. ಮೋಟಾರು ಬರುವ ಮೊದಲು ಮೀನುಗಾರರು ಬೆಳಗಿನ ಗಾಳಿಯಲ್ಲಿ ಹೊರಟು ಮಧ್ಯಾಹ್ನದ ಗಾಳಿಯಲ್ಲಿ ವಾಪಸಾಗುತ್ತಿದ್ದರು. ನಮ್ಮದೂ ಅದೇ ಗಾಳಿ.

ಎಂಜಿನ್ ನಿಂತ ಕೂಡಲೇ ಆದದ್ದನ್ನು ಹೇಳಬೇಕು. ನಾವೂ ಮಾತು ನಿಲ್ಲಿಸಿದೆವು. ಯಾರೂ ಹೇಳಿದ್ದಲ್ಲ, ತಾನಾಗೇ. ಹಗ್ಗ ಕಿರುಗುಟ್ಟುವುದು, ನೀರು ದೋಣಿಯ ಪಕ್ಕ ಚಳಪಳ ಅನ್ನುವುದು, ಮೇಲೆ ಒಂದು ಗರುಡ. ಅಗ್ವಾದ ಕೋಟೆಯ ಕಡೆ ಬಿಸಿಲು ಬೀಳುತ್ತಿತ್ತು. ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಒಬ್ಬರಿಗೆ ವಾಂತಿ ಬಂತು. ಇನ್ನೊಬ್ಬರು ಮೊಬೈಲ್ ತೆಗೆದರು, ಸಿಗ್ನಲ್ ಚೆನ್ನಾಗಿತ್ತು :-)

ಆಮೇಲೆ ಕಾಣುವ ಮೊದಲು ಕೇಳಿಸಿತು. "ಫುಸ್ಸ್..." ಅಂತ, ಯಾರೋ ಉಸಿರು ಬಿಟ್ಟ ಹಾಗೆ. ಮೋಟಾರು ದೋಣಿಯಲ್ಲಿ ಈ ಸದ್ದು ನನಗೆ ಕೇಳಿರಲೇ ಇಲ್ಲ, ಕೇಳಲಿಕ್ಕೆ ಸಾಧ್ಯವೂ ಇರಲಿಲ್ಲ. ನೂರು ಮೀಟರು ಆಚೆ ಐದು ಬೆನ್ನು. ಒಂದರ ಪಕ್ಕ ಸಣ್ಣದೊಂದು. ಹುಡುಗ ಚುಕ್ಕಾಣಿ ತಿರುಗಿಸಲು ಕೈ ಹಾಕಿದ, ಯಜಮಾನರು ತಲೆ ಅಲ್ಲಾಡಿಸಿದರು. ದೋಣಿ ಅದರ ಪಾಡಿಗೆ ಹೋಗುತ್ತಿತ್ತು, ಅವು ಅವುಗಳ ಪಾಡಿಗೆ ಮೀನು ಹಿಡಿಯುತ್ತಿದ್ದವು. ಎಲ್ಲಿ ಎದ್ದರೆ ಎಲ್ಲಿ ಮುಳುಗುತ್ತವೆ, ಎಷ್ಟು ಹೊತ್ತಿಗೆ ಮತ್ತೆ ಏಳುತ್ತವೆ ಅಂತ ಲೆಕ್ಕ ಸಿಗುತ್ತಿತ್ತು. ದೊಡ್ಡದೊಂದು ಮುಳುಗಿದಾಗಲೆಲ್ಲ ಮರಿಯ ಜೊತೆ ಇನ್ನೊಂದು ಉಳಿಯುತ್ತಿತ್ತು. ಅವು ತಪ್ಪಿಸಿಕೊಳ್ಳುವುದನ್ನಲ್ಲದೆ ಬೇರೆ ಏನಾದರೂ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ನಾಲ್ಕು ನಿಮಿಷ. ಅಷ್ಟರಲ್ಲಿ ಉತ್ತರದ ಬೀಚಿನ ಕಡೆಯಿಂದ ಮೂರು ಮೋಟಾರು ದೋಣಿ ನೇರ ಬಂದವು. ನಮ್ಮ ಹಾಯಿ ನಿಧಾನವಾಗಿರುವುದನ್ನು ನೋಡಿಯೇ ಬಂದಿರಬೇಕು. ಕಿತ್ತಳೆ ಜಾಕೆಟ್ಟು, ಸಿಳ್ಳೆ, ಚಪ್ಪಾಳೆ. ಬೆನ್ನುಗಳು ಮುಳುಗಿದವು, ಮತ್ತೆ ಏಳಲಿಲ್ಲ. ಎಲ್ಲೋ ಎದ್ದಿರುತ್ತವೆ, ನಮಗೆ ಕಾಣಲಿಲ್ಲ. ಆ ದೋಣಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದವನು ಎರಡು ವರ್ಷದ ಹಿಂದಿನ ನಾನೇ. ಯಜಮಾನರು ಬೈಯಲಿಲ್ಲ. "ಅವರದ್ದೂ ಹೊಟ್ಟೆ" ಅಂದರು, ಅಷ್ಟೇ. ಒಂಬತ್ತರ ಹೊತ್ತಿಗೆ ಗಾಳಿ ಬಿತ್ತು, ಎಂಜಿನ್ ಹಾಕಿಕೊಂಡು ವಾಪಸ್ ಬಂದೆವು.

ಈಗ ನಿಮ್ಮ ಕಾಮೆಂಟುಗಳು ಹೇಗಿರುತ್ತವೆ ಅಂತ ನನಗೆ ಗೊತ್ತು. ಒಂದೊಂದಾಗಿ ಉತ್ತರಿಸಿಬಿಡುತ್ತೇನೆ.

"ನಿಮ್ಮ ಹತ್ತಿರ ಎರಡೂವರೆ ಸಾವಿರ ಇದೆ, ಹೋದಿರಿ. ಬಡವರು ಡಾಲ್ಫಿನ್ ನೋಡಬಾರದಾ?" ನ್ಯಾಯವಾದ ಪ್ರಶ್ನೆ. ಉತ್ತರ - ಬಡವರಿಗೆ ದೋಣಿಯೇ ಬೇಕಾಗಿಲ್ಲ. ಈ ಡಾಲ್ಫಿನ್ ದಡಕ್ಕೆ ಅಂಟಿಕೊಂಡು ಬದುಕುವುದರಿಂದ ದಡದಿಂದಲೇ ಕಾಣುತ್ತದೆ. ಗೋಕರ್ಣದಲ್ಲಿ ಓಂ ಬೀಚಿನಿಂದ ಹಾಫ್ ಮೂನ್ ಕಡೆಗೆ ಹೋಗುವ ಗುಡ್ಡದ ದಾರಿ ಇದೆಯಲ್ಲ, ಅಲ್ಲಿ ಬಂಡೆ ಮೇಲೆ ಬೆಳಿಗ್ಗೆ ಒಂದು ಗಂಟೆ ಕೂತು ನೋಡಿ. ಒಂದು ಸಾಧಾರಣ ಬೈನಾಕ್ಯುಲರ್ ಸಾಕು. ನಾನು ಹಾಗೆ ಎರಡು ಸಲ ನೋಡಿದ್ದೇನೆ, ಒಂದು ಸಲ ನೋಡಿಲ್ಲ. ಪೋರ್ಚುಗಲ್ಲಿಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ಹಿಂದೆ ತಿಮಿಂಗಿಲ ಬೇಟೆಗೆ ಗುಡ್ಡದ ಮೇಲೆ ಕಾವಲುಗಾರರು ಕೂತು ಕಡಲನ್ನು ನೋಡುತ್ತಿದ್ದರು. ಬೇಟೆ 1980ರ ದಶಕದಲ್ಲಿ ನಿಂತಿತು. ಕಾವಲು ಗೂಡುಗಳು ನಿಲ್ಲಲಿಲ್ಲ. ಈಗ ಅಲ್ಲಿಂದಲೇ ನೋಡಿ ಪ್ರವಾಸಿ ದೋಣಿಗಳಿಗೆ ದಾರಿ ಹೇಳುತ್ತಾರೆ. ಕೊಲ್ಲಲಿಕ್ಕೇ ಗುಡ್ಡದಿಂದ ಅಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದಮೇಲೆ ನೋಡಲಿಕ್ಕೆ ಕಾಣುವುದಿಲ್ಲವೇ?

"ದೋಣಿಯವರ ಹೊಟ್ಟೆ ಮೇಲೆ ಹೊಡೆಯುತ್ತೀರಾ?" ಇಲ್ಲ. ಈ ಗ್ಯಾರಂಟಿಯಿಂದ ಮೊದಲು ಏಟು ಬೀಳುವುದೇ ದೋಣಿಯವರ ಹೊಟ್ಟೆಗೆ. ಡಾಲ್ಫಿನ್ ಕಾಣದ ದಿನ ಅವನ ಎಣ್ಣೆಯ ದುಡ್ಡೂ ಹೋಯಿತು, ದುಡಿಮೆಯೂ ಹೋಯಿತು. ಅಟ್ಟಿಸಿಕೊಂಡು ಹೋದ ದಿನ ಎಣ್ಣೆ ಹೆಚ್ಚು ಸುಡುತ್ತದೆ. ಗಂಟೆಗೆ ಇಷ್ಟು ಅಂತ ದುಡ್ಡು ಕೊಡಿ, ಅವನೇ ನಿಧಾನಕ್ಕೆ ಹೋಗುತ್ತಾನೆ, ಅವನಿಗೂ ಉಳಿಯುತ್ತದೆ. ಬಸ್ಸಿನಲ್ಲಿ ಕಿಟಕಿಯಾಚೆ ನವಿಲು ಕಾಣಲಿಲ್ಲ ಅಂತ ಟಿಕೆಟ್ ದುಡ್ಡು ವಾಪಸ್ ಕೇಳುತ್ತೇವಾ? ಕಡಲಿಗೆ ಹೋಗಿ ಬಂದದ್ದಕ್ಕೆ ದುಡ್ಡು.

"ಡಾಲ್ಫಿನ್‌ಗಳೇ ದೋಣಿ ಜೊತೆ ಆಡಲಿಕ್ಕೆ ಬರುತ್ತವೆ." ಬರುತ್ತವೆ, ಸ್ಪಿನ್ನರ್ ಮತ್ತು ಬಾಟಲ್‌ನೋಸ್ ಡಾಲ್ಫಿನ್‌ಗಳು ದೋಣಿಯ ಮುಂದಿನ ಅಲೆಯಲ್ಲಿ ತಾವಾಗಿ ಬಂದು ಸವಾರಿ ಮಾಡುತ್ತವೆ. ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋದವರು ಸ್ಪಿನ್ನರ್ ಗುಂಪುಗಳನ್ನು ನೋಡಿರಬಹುದು. ಆದರೆ ನಮ್ಮ ಹಂಪ್‌ಬ್ಯಾಕ್ ಡಾಲ್ಫಿನ್ನಿಗೆ ಆ ಚಾಳಿ ಬಹಳ ಅಪರೂಪ, ಅದು ನಾಚಿಕೆ ಸ್ವಭಾವದ್ದು. ಮತ್ತೆ, ತಾನಾಗಿ ಬರುವುದಕ್ಕೂ ಒಂಬತ್ತು ದೋಣಿ ಸುತ್ತುವರಿಯುವುದಕ್ಕೂ ವ್ಯತ್ಯಾಸ ಇಲ್ಲವಾ? ಮನೆಗೆ ಬರುವ ನೆಂಟ ಬೇರೆ, ರಸ್ತೆಯಲ್ಲಿ ಹಿಡಿದು ಎಳೆದು ತಂದವನು ಬೇರೆ.

"ಟೂರಿಸ್ಟ್ ದೋಣಿಗಿಂತ ಬಲೆಗೆ ಸಿಕ್ಕಿ ಸಾಯುವುದು ಜಾಸ್ತಿ. ಅದನ್ನು ಬರೆಯಿರಿ." ನಿಜ. ಈ ಡಾಲ್ಫಿನ್ನಿಗೆ ದೊಡ್ಡ ಶತ್ರು ಗಿಲ್‌ನೆಟ್ ಬಲೆ, ನಮ್ಮ ಚಪ್ಪಾಳೆಯಲ್ಲ. ಆದರೆ ಬಲೆ ಬಿಡುವವನು ಮೀನಿಗೆ ಬಿಡುತ್ತಾನೆ, ಡಾಲ್ಫಿನ್ ಸಿಕ್ಕಿದ್ದು ಅವನಿಗೂ ನಷ್ಟ, ಬಲೆ ಹರಿಯುತ್ತದೆ. ನಾವು ಹೋಗುವುದು ಡಾಲ್ಫಿನ್ನಿಗಾಗಿಯೇ. ಬಲೆ ತಪ್ಪಿಸಿಕೊಂಡು, ಟ್ರಾಲರ್ ತಪ್ಪಿಸಿಕೊಂಡು ಉಳಿದವಕ್ಕೆ ರಜಾದಿನದಲ್ಲಿ ಅಭಿಮಾನಿಗಳ ಕಾಟ!

"ಹಾಯಿದೋಣಿ ಅಂದರೆ ಎಲ್ಲ ಪವಿತ್ರವಾ?" ಖಂಡಿತ ಅಲ್ಲ. ಹಾಯಿದೋಣಿಗಳೂ ಕಡಲಲ್ಲಿ ತಿಮಿಂಗಿಲಗಳಿಗೆ ಡಿಕ್ಕಿ ಹೊಡೆದದ್ದಿದೆ. ಸ್ಪೇನ್-ಪೋರ್ಚುಗಲ್ ಕರಾವಳಿಯಲ್ಲಂತೂ 2020ರಿಂದ ಓರ್ಕಾಗಳು - ಇವೂ ಡಾಲ್ಫಿನ್ ವಂಶದವೇ - ಹಾಯಿದೋಣಿಗಳ ಚುಕ್ಕಾಣಿ ಮುರಿಯುತ್ತಿವೆ, ಕೆಲವು ದೋಣಿ ಮುಳುಗಿಯೇ ಹೋದವು. ಹಾಯಿ ಹಾಕಿದ ಮಾತ್ರಕ್ಕೆ ಅವು ನಮ್ಮನ್ನು ಪ್ರೀತಿಸಬೇಕು ಅಂತೇನಿಲ್ಲ. ಹಾಯಿದೋಣಿಯ ಗುಣ ಒಂದೇ - ಅದಕ್ಕೆ ಅಟ್ಟಿಸಿಕೊಂಡು ಹೋಗಲಿಕ್ಕೆ ಆಗುವುದಿಲ್ಲ. ಗಾಳಿ ಕರೆದೊಯ್ದಲ್ಲಿ ಹೋಗಬೇಕು. ಆರೇ ಜನ ಇರುವುದರಿಂದ ಒಬ್ಬರ ಹಿಂದೆ ಒಬ್ಬರು ಎದ್ದು ನಿಂತು ಕೂಗುವ ಪ್ರಮೇಯವಿಲ್ಲ. ಆ ಅಸಹಾಯಕತೆಯನ್ನು ಮೋಟಾರು ದೋಣಿಯವನೂ ತಾನಾಗಿ ಒಪ್ಪಿಕೊಂಡರೆ ಅವನೂ ಅಷ್ಟೇ ಒಳ್ಳೆಯವನು. ನ್ಯೂಜಿಲೆಂಡಿನಲ್ಲಿ 1992ರಿಂದಲೇ ನಿಯಮ ಇದೆ, ಕಡಲ ಸಸ್ತನಿಯಿಂದ 300 ಮೀಟರ್ ಒಳಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವ ಹಾಗಿಲ್ಲ, ಅಲೆ ಏಳದಷ್ಟು ನಿಧಾನ ಹೋಗಬೇಕು. ಅಲ್ಲಿರುವುದೂ ಮೋಟಾರು ದೋಣಿಗಳೇ.

ನಮ್ಮಲ್ಲಿ ಒಳ್ಳೆಯ ಮಾತುಗಳಿಗೇನೂ ಕೊರತೆ ಇಲ್ಲ. ಡಾಲ್ಫಿನ್, ತಿಮಿಂಗಿಲಗಳಿಗೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ, ಹುಲಿಯ ಸಾಲಿನಲ್ಲೇ ಜಾಗ ಇದೆ. 2009ರಲ್ಲಿ ಗಂಗಾ ಡಾಲ್ಫಿನ್ ರಾಷ್ಟ್ರೀಯ ಜಲಚರ ಅಂತ ಘೋಷಿಸಿದರು. 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನೇರಿಯಂಗಳಿಗೆ ಅವಕಾಶ ಇಲ್ಲ ಅಂದಿತು, ಇಷ್ಟು ಬುದ್ಧಿಯ ಪ್ರಾಣಿಯನ್ನು ಕೂಡಿಹಾಕಿ ಮನರಂಜನೆಗೆ ಬಳಸುವುದು ತಪ್ಪು ಅಂತ. 2020ರ ಸ್ವಾತಂತ್ರ್ಯೋತ್ಸವದ ದಿನ ಪ್ರಾಜೆಕ್ಟ್ ಡಾಲ್ಫಿನ್ ಅಂತ ಘೋಷಣೆಯಾಯಿತು. ತೊಟ್ಟಿಯಲ್ಲಿ ಕೂಡಿಹಾಕಿ ಆಡಿಸುವುದು ಬೇಡ ಅಂದ ದೇಶದಲ್ಲೇ ನಾವು ಒಂಬತ್ತು ದೋಣಿ ಸುತ್ತ ನಿಲ್ಲಿಸಿ ಕಡಲಲ್ಲೇ ತೊಟ್ಟಿ ಕಟ್ಟುತ್ತೇವೆ. ಗೋಡೆ ಮಾತ್ರ ಇಲ್ಲ.

ಕೊನೆಯದಾಗಿ ತಿಮಿಂಗಿಲದ ಮಾತು. 'ತಿಮಿ'ಯನ್ನು ನುಂಗುವುದು ತಿಮಿಂಗಿಲ ಅಂತ ಸಂಸ್ಕೃತದವರು ಹೆಸರಿಟ್ಟರು, ಹೆಸರಿಟ್ಟವರೆಲ್ಲ ನೋಡಿದ್ದರು ಅಂತ ನನಗೇನೂ ಅನ್ನಿಸುವುದಿಲ್ಲ. ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಒಂದು ಪುಟ್ಟ ಬಳಗ ಇದೆ. ಬೇರೆ ಹಂಪ್‌ಬ್ಯಾಕ್‌ಗಳ ಹಾಗೆ ಧ್ರುವದ ಕಡೆಗೆ ವಲಸೆ ಹೋಗದೆ ವರ್ಷವಿಡೀ ಇಲ್ಲೇ ಇರುವವು. 1966ರಲ್ಲಿ ಸೋವಿಯತ್ ಹಡಗುಗಳು ಕದ್ದುಮುಚ್ಚಿ ಇವುಗಳಲ್ಲಿ 242ನ್ನು ಕೊಂದವು. ಈಗ ಒಮಾನಿನ ಸುತ್ತ ಇರುವುದು ನೂರಕ್ಕೂ ಕಡಿಮೆ ಅಂತ ಅಂದಾಜು. 2017ರ ಕೊನೆಗೆ ಅಲ್ಲಿ ಲುಬಾನ್ ಅನ್ನುವ ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹದ ಟ್ಯಾಗ್ ಹಾಕಿದರು. ಅದು ಅರಬ್ಬೀ ಸಮುದ್ರ ದಾಟಿ, ಗೋವಾದ ಕಡೆಗೆ ಬಂದು, ನಮ್ಮ ಪಶ್ಚಿಮ ಕರಾವಳಿಗುಂಟ ಕನ್ಯಾಕುಮಾರಿಯತ್ತ ಇಳಿಯಿತು.

ಆ ಡಿಸೆಂಬರಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಗೋವಾ, ಗೋಕರ್ಣಗಳಲ್ಲಿ ರಜೆ ಕಳೆದಿದ್ದೆವು. ಯಾರೂ ಲುಬಾನನ್ನು ನೋಡಲಿಲ್ಲ. ಅದಕ್ಕೇನೂ ನಷ್ಟವಾಗಲಿಲ್ಲ. ನಮಗಾದರೂ ಏನು ನಷ್ಟವಾಯಿತು? ಅದು ಆಚೆ ಹೋಗುತ್ತಿತ್ತು ಅಂತ ಆಮೇಲೆ ಓದಿದಾಗ ನನಗೆ ಮೈ ಜುಂ ಅಂದದ್ದು ನಿಜ, ಹನ್ನೊಂದು ಫೋಟೋಗಳಲ್ಲಿ ಒಂದಕ್ಕೂ ಹಾಗಾಗಿಲ್ಲ. ಒಂದು ವೇಳೆ ಅದು ಅವತ್ತು ಬೀಚಿನಿಂದ ಅರ್ಧ ಗಂಟೆಯ ದೂರದಲ್ಲಿ ಕಾಣಿಸಿಕೊಂಡಿದ್ದರೆ? ಮೊಬೈಲುಗಳು ಬಡಿದುಕೊಳ್ಳುತ್ತಿದ್ದವು. ಒಂಬತ್ತಲ್ಲ, ತೊಂಬತ್ತು ದೋಣಿ. "ತಿಮಿಂಗಿಲ ಕಾಣದಿದ್ದರೆ ದುಡ್ಡು ವಾಪಸ್."

ಇಷ್ಟು ಬೈದಮೇಲೆ ಏನು ಮಾಡಬೇಕು ಅಂತಲೂ ಹೇಳಬೇಕಲ್ಲ. ದೊಡ್ಡದೇನಿಲ್ಲ.

1. "ಗ್ಯಾರಂಟಿ" ಅಂತ ಬೋರ್ಡು ಇದ್ದರೆ ಹತ್ತಬೇಡಿ. ಹತ್ತದಿರುವ ಕಾರಣವನ್ನು ಅವರಿಗೇ ನಗುತ್ತಾ ಹೇಳಿ.

2. ಕಡಿಮೆ ಜನರ ದೋಣಿ ನೋಡಿ. ಹಾಯಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಾಲ್ಕೈದು ಜನ ಸೇರಿ ಒಂದು ಸಣ್ಣ ದೋಣಿಯನ್ನು ಗಂಟೆ ಲೆಕ್ಕದಲ್ಲಿ ಮಾತಾಡಿ.

3. ಹತ್ತುವ ಮೊದಲೇ ಹೇಳಿ - ಕಾಣದಿದ್ದರೂ ಪೂರ್ತಿ ದುಡ್ಡು ಕೊಡುತ್ತೇವೆ, ಅಟ್ಟಿಸಿಕೊಂಡು ಹೋಗಬೇಡಿ, ಬೇರೆ ದೋಣಿಗಳು ಇರುವಲ್ಲಿಗೆ ಹೋಗಬೇಡಿ. ಕಂಡರೆ ದೂರದಲ್ಲಿ ನಿಂತು ಎಂಜಿನ್ ಆರಿಸಿ.

4. ಮರಿ ಇದ್ದರೆ ಅಲ್ಲಿಂದ ಹೊರಡಿ. ಎಷ್ಟು ಕಷ್ಟ ಆದರೂ.

5. ದುಡ್ಡಿಲ್ಲವೋ, ಗುಡ್ಡ ಹತ್ತಿ.

ಆರನೆಯದು ಬ್ಲಾಗು ಬರೆಯುವ ನಮಗೆ ಮಾತ್ರ. "ಒಂದೂ ಕಾಣಲಿಲ್ಲ, ದುಡ್ಡು ದಂಡ" ಅಂತ ದಯವಿಟ್ಟು ಇನ್ನು ಬರೆಯಬೇಡಿ. ನಮ್ಮ ಆ ಒಂದು ಸಾಲು ಓದಿದವನು ಮುಂದಿನ ವಾರ ಹೋಗಿ ಗ್ಯಾರಂಟಿ ಕೇಳುತ್ತಾನೆ. "ಕಡಲಿಗೆ ಹೋಗಿದ್ದೆವು, ಬೆಳಿಗ್ಗೆ ಗಾಳಿ ಚೆನ್ನಾಗಿತ್ತು, ಡಾಲ್ಫಿನ್ ಕಾಣಲಿಲ್ಲ" ಅಂತ ಬರೆಯಿರಿ. ಅಷ್ಟರಿಂದ ಪೋಸ್ಟು ಬಡವಾಗುವುದಿಲ್ಲ. ಕಂಡವರೂ ಎಷ್ಟು ದೋಣಿ ಸುತ್ತ ಇದ್ದವು ಅಂತ ಎಣಿಸಿ ಬರೆಯಿರಿ. ನಾನು ಎರಡು ವರ್ಷದ ಹಿಂದೆ ಇದೇ ಬ್ಲಾಗಿನಲ್ಲಿ ಹಾಕಿದ್ದ "ಡಾಲ್ಫಿನ್ ಜೊತೆ ಒಂದು ಬೆಳಗು" ಪೋಸ್ಟನ್ನು ತೆಗೆದಿಲ್ಲ, ಅದರ ತಲೆಯಲ್ಲಿ "ಒಂಬತ್ತು ದೋಣಿಗಳಿದ್ದವು" ಅಂತ ಇವತ್ತು ಸೇರಿಸಿದ್ದೇನೆ.

ಗೆಳೆಯಾ, ನಿನ್ನ ಲೆಕ್ಕದಲ್ಲಿ ನನಗೆ ಟೋಪಿ ಬಿದ್ದಿದೆ, ಇರಲಿ. ಮುಂದಿನ ಚಳಿಗಾಲಕ್ಕೆ ಅದೇ ದೋಣಿಯಲ್ಲಿ ಒಂದು ಜಾಗ ನಿನಗೂ ಹೇಳಿಡುತ್ತೇನೆ. ದುಡ್ಡು ನಾನೇ ಕೊಡುತ್ತೇನೆ. ಡಾಲ್ಫಿನ್ ಕಾಣದಿದ್ದರೆ ವಾಪಸ್ ಮಾತ್ರ ಇಲ್ಲ.